ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೇಲೆ

ದಾವಣಗೆರೆಯಲ್ಲಿ ಔಷಧಿ ಅಂಗಡಿ ನಡೆಸುವ ನಮ್ಮಂಥವರಿಗೆ ತೀರಾ ಪರಿಚಿತವಾದ ಒಂದು ಬೇಡಿಕೆಯಿದೆ. ಬೇರೆ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಹೆಂಡತಿಯೋ ತಾಯಿಯೋ ಬಂದು, "ಅಣ್ಣಾರ, ಚಟ ಬಿಡ್ಸೋ ಗುಳಿಗಿ ಇದ್ರ ಕೊಡ್ರಿ, ಅವಂಗ ಗೊತ್ತಾಗ್ದಂಗ ಸಾರಿನಾಗ ಹಾಕ್ತೀನಿ" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಅವರ ಮನಸ್ಸಿನಲ್ಲಿರುವುದು ಡೈಸಲ್ಫಿರಾಮ್ ಮಾತ್ರೆ. ಅದನ್ನು ನುಂಗಿದವರು ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆಬಡಿತ ಹೆಚ್ಚಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆಯಿದ್ದರೆ ಪ್ರಾಣಕ್ಕೇ ಕುತ್ತು ಬರಬಹುದು. ಕುಡಿಯುವವರ ಒಪ್ಪಿಗೆ ಮತ್ತು ವೈದ್ಯರ ನಿಗಾ ಇಲ್ಲದೆ ಅದನ್ನು ಕೊಡಕೂಡದು. ಗಾಂಜಾ ಅಥವಾ ನೋವಿನ ಮಾತ್ರೆಯ ಚಟಕ್ಕಂತೂ ಅದು ಮದ್ದೇ ಅಲ್ಲ. ಕೊಡುವುದಿಲ್ಲ ಎಂದಾಗ ಅವರ ಮುಖದಲ್ಲಿ ಮೂಡುವ ನಿರಾಸೆಯನ್ನು ಕಂಡು ಕಂಡು ಇದನ್ನು ಬರೆಯಬೇಕೆನಿಸಿತು.

ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು ಎಂಬ ಮಾತು ನಮ್ಮ ಮನೆಗಳಲ್ಲಿ ಬೇರೂರಿದೆ. ಆದರೆ ಚಟ ಹಿಡಿಯುವುದು ಮಿದುಳನ್ನು. ಊಟ, ಒಡನಾಟ, ಗೆಲುವುಗಳಿಂದ ನಮಗೆ ಸಿಗುವ ಹಿತದ ಹಿಂದೆ ಡೋಪಮೈನ್ ಎಂಬ ರಾಸಾಯನಿಕದ ಕೆಲಸವಿದೆ. ಅಮಲು ಪದಾರ್ಥ ಅದನ್ನು ಸಹಜಕ್ಕಿಂತ ಬಹಳ ಹೆಚ್ಚಾಗಿ, ಮತ್ತೆ ಮತ್ತೆ ಉಕ್ಕಿಸಿದಾಗ ಮಿದುಳು ತನ್ನ ಸ್ಪಂದನೆಯನ್ನೇ ತಗ್ಗಿಸಿಕೊಳ್ಳುತ್ತದೆ. ಆಗ ಮೊದಲಿನ ಪ್ರಮಾಣ ಸಾಲದಾಗುತ್ತದೆ, ಮನೆಯವರ ಪ್ರೀತಿಯೂ ಹಬ್ಬದ ಊಟವೂ ಸಪ್ಪೆಯಾಗುತ್ತವೆ, 'ಬೇಡ' ಎಂದು ತಡೆಯುವ ಮುಂಭಾಗದ ಮಿದುಳು ಸೋಲುತ್ತ ಹೋಗುತ್ತದೆ. ಸುಖಕ್ಕಾಗಿ ಶುರು ಮಾಡಿದವರು ಕೊನೆಗೆ ಸಂಕಟ ತಪ್ಪಿಸಿಕೊಳ್ಳುವುದಕ್ಕಷ್ಟೇ ಸೇವಿಸುತ್ತಿರುತ್ತಾರೆ.

ನನಗೆ ಗೊತ್ತಿರುವ ಯುವಕನೊಬ್ಬ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದ. ನಸುಕಿನಿಂದ ಒಲೆಯ ಮುಂದೆ ನಿಂತು, ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸ. ಬೆನ್ನುನೋವಿಗೆಂದು ಜೊತೆಗಾರ ಕೊಟ್ಟ ಟ್ರಮಡಾಲ್ ಮಾತ್ರೆ ನೋವನ್ನೂ ಕಳೆಯಿತು, ದಣಿವನ್ನೂ ಮರೆಸಿತು. ಅಫೀಮಿನ ಬಳಗದ ಆ ಔಷಧಿಯನ್ನು 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯಡಿ ತರಲಾಗಿದೆ. ವೈದ್ಯರ ಚೀಟಿಯಿಲ್ಲದೆ ನಾವು ಮಾರುವಂತಿಲ್ಲ, ಮಾರಿದರೆ ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದಿಡಬೇಕು. ಅವನು ತಂದ ಚೀಟಿ ಮಡಿಕೆಗಳಲ್ಲಿ ಹರಿದಿತ್ತು, ತಾರೀಖಿನ ಮೇಲೆ ಬೇರೆ ಪೆನ್ನಿನಿಂದ ತಿದ್ದಲಾಗಿತ್ತು. ನಾನು ಕೊಡಲಿಲ್ಲ. ಮರುದಿನ ಮತ್ತೆ ಬಂದ. ನೆಗಡಿಯಿಲ್ಲದೆಯೂ ಕಣ್ಣು ಮೂಗಿನಲ್ಲಿ ನೀರು ಸುರಿಯುತ್ತಿತ್ತು, ಒಂದರ ಹಿಂದೊಂದು ಆಕಳಿಕೆ ಬರುತ್ತಿತ್ತು, ಏಪ್ರಿಲ್ ಬಿಸಿಲಿನಲ್ಲೂ ಮುಂಗೈ ಮೇಲೆ ರೋಮ ನಿಮಿರಿತ್ತು. ಕಳ್ಳತನಕ್ಕೂ ಹೇಸದವನು ಎಂದು ಓಣಿಯವರು ಬೈಯುತ್ತಿದ್ದ ಆ ಹುಡುಗ ಅಂದು ನನ್ನೆದುರು ನಿಂತದ್ದು ಕಾಯಿಲೆಯವನಾಗಿ. ತಾಯಿಯನ್ನು ಕರೆಸಿ, ಇಬ್ಬರನ್ನೂ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿದೆ.

ಚಿಕಿತ್ಸೆ ಫಲಿಸಿತು, ಅವನು ಮನೆಗೆ ಬಂದ. ಆದರೆ ಬಂದದ್ದು ಅದೇ ಓಣಿಗೆ, ಅದೇ ಭಟ್ಟಿಗೆ, ಅದೇ ಗೆಳೆಯರ ನಡುವೆ. ಕೆಲವು ತಿಂಗಳಲ್ಲಿ ಮತ್ತೆ ಮಾತ್ರೆ ಹಿಡಿದ. "ಖರ್ಚು ಮಾಡಿದ್ದೆಲ್ಲಾ ನೀರಾಗ ಹೋಮ ಮಾಡ್ದಂಗಾತು" ಎಂದು ಅಣ್ಣ ಮಾತು ಬಿಟ್ಟ. ನಾನು ಒಪ್ಪದಿರುವುದು ಇಲ್ಲಿಯೇ. ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60ರಷ್ಟು ಮಂದಿ ಮರಳಿ ಚಟಕ್ಕೆ ಬೀಳುತ್ತಾರೆಂಬ ಅಂದಾಜಿದ್ದು, ಬಿಪಿ ಮತ್ತು ಅಸ್ತಮಾ ರೋಗಿಗಳ ಕಾಯಿಲೆ ಮರುಕಳಿಸುವ ಪ್ರಮಾಣವೂ ಹೆಚ್ಚುಕಡಿಮೆ ಇದೇ ಆಗಿದೆ. ಬಿಪಿ ಏರಿದವರನ್ನು ಯಾರೂ ಮನೆಯಿಂದ ಹೊರಹಾಕುವುದಿಲ್ಲ. ವೈದ್ಯರ ಬಳಿ ಕರೆದೊಯ್ದು ಔಷಧಿ ಬದಲಿಸಿ ತರುತ್ತಾರೆ. ಮನೆಯವರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯಿದೆ. ಅಫೀಮು ಬಗೆಯ ಪದಾರ್ಥಗಳನ್ನು ಕೆಲಕಾಲ ಬಿಟ್ಟ ದೇಹಕ್ಕೆ ಹಳೆಯ ತಾಳಿಕೆ ಉಳಿದಿರುವುದಿಲ್ಲವಾದ್ದರಿಂದ, ಮೊದಲು ದಿನವೂ ತೆಗೆದುಕೊಳ್ಳುತ್ತಿದ್ದಷ್ಟನ್ನೇ ಒಮ್ಮೆಲೇ ತೆಗೆದುಕೊಂಡರೆ ಉಸಿರಾಟ ನಿಂತು ಸಾವು ಬರಬಹುದು. ಅವಮಾನಕ್ಕೆ ಹೆದರಿ ಬಚ್ಚಿಟ್ಟುಕೊಂಡು, ಒಬ್ಬಂಟಿಯಾಗಿ ಸೇವಿಸುವವರಿಗೆ ಈ ಅಪಾಯ ಹೆಚ್ಚು.

ಪರಿಸರ ಎಷ್ಟು ಮುಖ್ಯವೆಂಬುದಕ್ಕೆ ವಿಯೆಟ್ನಾಂ ಯುದ್ಧದ ಕಾಲದ ಸಾಕ್ಷ್ಯವೇ ಇದೆ. ಅಲ್ಲಿ ಹೆರಾಯಿನ್‌ಗೆ ದಾಸರಾಗಿದ್ದ ಅಮೆರಿಕದ ಸೈನಿಕರನ್ನು 1971ರ ನಂತರ ಲೀ ರಾಬಿನ್ಸ್ ಎಂಬ ಸಂಶೋಧಕಿ ಅಧ್ಯಯನ ಮಾಡಿದಾಗ, ಊರಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ಬಹಳ ಕಡಿಮೆ ಎಂಬುದು ತಿಳಿದುಬಂತು. ನಮ್ಮ ಹುಡುಗನ ವಿಷಯದಲ್ಲೂ ಎರಡನೆಯ ಸಲದ ಚಿಕಿತ್ಸೆಯ ಬಳಿಕ ನೆರವಾದದ್ದು ಜಾಗ ಬದಲಿಸಿದ್ದು. ಈಗ ಹರಿಹರದಲ್ಲಿ ಸೋದರಮಾವನ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಾನೆ, ಬೆನ್ನಿಗೆ ವ್ಯಾಯಾಮ ಮಾಡುತ್ತಾನೆ, ಕರೆದ ದಿನ ವೈದ್ಯರ ಬಳಿ ಹೋಗುತ್ತಾನೆ.

ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದ್ದನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಹತ್ತು ಜನರೆದುರು ಮಾತು ಕೊಡುವುದಕ್ಕೆ ದೊಡ್ಡ ಬಲವಿದೆ. ಧರ್ಮಸ್ಥಳದ ವತಿಯಿಂದ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು, ಶಿಬಿರ ಮುಗಿದ ಮೇಲೂ ಕುಡಿತ ಬಿಟ್ಟವರನ್ನು ಒಟ್ಟಿಗೆ ಕೂರಿಸುವ ನವಜೀವನ ಸಮಿತಿಗಳು. ಆದರೆ ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲೆರಡು ದಿನಗಳಲ್ಲಿ ಫಿಟ್ಸ್, ಆಮೇಲೆ ಸನ್ನಿ ಬರುವ ಸಾಧ್ಯತೆಯಿದೆ. ಪ್ರತಿಜ್ಞೆಗೆ ಮುಂಚೆ ಅವರಿಗೆ ವೈದ್ಯರ ತಪಾಸಣೆ ಬೇಕು. ಕೂಡಿಹಾಕಿ ಹೊಡೆಯುವ 'ಕೇಂದ್ರ'ಗಳಿಗೆ ದಯವಿಟ್ಟು ಕಳಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

2019ರಲ್ಲಿ ಪ್ರಕಟವಾದ ಏಮ್ಸ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ಸಿಕ್ಕಿದೆ. ಪೊಲೀಸರ ಭಯ ಅನೇಕರನ್ನು ತಡೆಯುತ್ತದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ, ತಾವಾಗಿಯೇ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ಮಾದಕ ವಸ್ತುಗಳ ಕಾಯ್ದೆಯ 64ಎ ಕಲಂ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಮ್ಮೂರಿನ ಭಟ್ಟಿ, ಗ್ಯಾರೇಜು, ಅಂಗಡಿಗಳ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೇ: ಚಟ ಬಿಟ್ಟು ಬಂದವರು ಕೆಲಸ ಕೇಳಿದರೆ ಕೊಡಿ, ಆಸ್ಪತ್ರೆಗೆ ಹೋಗಬೇಕಾದ ಅರ್ಧ ದಿನದ ಕೂಲಿಯನ್ನು ಹಿಡಿಯಬೇಡಿ.