ಒಂದೇ ರೀಚಾರ್ಜು, ಎರಡು ಫೋನು: ಕೌಂಟರಿನಲ್ಲಿ ಮೊದಲು ಕೇಳಬೇಕಾದ್ದು

"ಅಣ್ಣಾ, ಇದೇ ರೀಚಾರ್ಜಲ್ಲಿ ನಮ್ಮನೆಯವ್ರ ಫೋನೂ ನಡೆಯೋ ಹಂಗೆ ಮಾಡ್ಕೊಡಿ."

ಮೊಬೈಲ್ ಅಂಗಡಿಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಈ ಮಾತಿಗೆ ಎರಡರಲ್ಲಿ ಒಂದು ಉತ್ತರ ಕೊಡುತ್ತಾರೆ. "ಅದೆಲ್ಲ ಆಗಲ್ಲ", ಇಲ್ಲವೇ "ಹಾಟ್‌ಸ್ಪಾಟ್ ಹಾಕ್ಕೊಳ್ಳಿ". ಎರಡೂ ಅರ್ಧ ಸರಿ. ಎರಡು ದಿನ ಕಳೆದು ಗಿರಾಕಿ ಅದೇ ಫೋನ್ ಹಿಡಿದು ವಾಪಸ್ ಬರುವುದೂ ಖಚಿತ. ಕೇಳಬೇಕಾದ ಪ್ರಶ್ನೆ ಬೇರೆ: ಆ ಎರಡನೇ ಫೋನಿನಲ್ಲಿ ಏನು ಆಗಬೇಕು? ಮಾತಾಡಬೇಕೋ, ವಾಟ್ಸ್‌ಆ್ಯಪ್ ನೋಡಬೇಕೋ, ಮಗುವಿಗೆ ಪಾಠದ ವಿಡಿಯೊ ಬೇಕೋ, ದುಡ್ಡು ಕಳಿಸಬೇಕೋ? ಒಂದೊಂದಕ್ಕೂ ದಾರಿ ಬೇರೆ.

ಪ್ರೀಪೇಯ್ಡ್ ಪ್ಲಾನ್ ಅಂಟಿಕೊಂಡಿರುವುದು ಫೋನಿಗಲ್ಲ, ಸಿಮ್ಮಿಗೆ. ಒಂದು ನಂಬರಿಗೆ ಒಂದೇ ಸಿಮ್ ಜೀವಂತ ಇರುತ್ತದೆ. "ಇನ್ನೊಂದು ಡೂಪ್ಲಿಕೇಟ್ ಸಿಮ್ ತೆಗೆದು ಆ ಫೋನಿಗೆ ಹಾಕಿಬಿಡಿ" ಎನ್ನುವವರಿದ್ದಾರೆ. ಹೊಸ ಸಿಮ್ ಚಾಲೂ ಆಯಿತೆಂದರೆ ಹಳೆಯದು ಸತ್ತಿತು, ಅಷ್ಟೇ. ಫೋನಿನೊಳಗೇ ಇರುವ ಇ-ಸಿಮ್ಮಿಗೆ ಬದಲಾಯಿಸಿದರೂ ಇದೇ ಕತೆ. ಅದರ ಜೊತೆಗೆ ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬಂದ್ ಇರುತ್ತದೆ, ಅಂದರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ. 2024ರ ಜುಲೈ 1ರಿಂದ ಸಿಮ್ ಬದಲಿಸಿದ 7 ದಿನದೊಳಗೆ ಬೇರೆ ಕಂಪನಿಗೆ ಪೋರ್ಟ್ ಮಾಡಲೂ ಬರುವುದಿಲ್ಲ. ಈ ಪ್ರಯೋಗಕ್ಕೆ ಕೈಹಾಕುವ ಮೊದಲೇ ಗಿರಾಕಿಗೆ ಇಷ್ಟನ್ನೂ ಹೇಳಿಬಿಡಿ. ಮನೆಗೆ ಹೋದಮೇಲೆ ಗೊತ್ತಾದರೆ ಬೈಗುಳ ನಮ್ಮ ಪಾಲಿಗೆ.

ಹಾಗಾಗಿ ಪ್ಲಾನಿನಲ್ಲಿ ನಿಜವಾಗಿ ಹಂಚಿಕೊಳ್ಳಬಹುದಾದ್ದು ಡೇಟಾ ಮಾತ್ರ, ಹಾಟ್‌ಸ್ಪಾಟ್ ಮೂಲಕ, ಅಂದರೆ ಒಂದು ಫೋನಿನ ಇಂಟರ್ನೆಟ್ಟನ್ನು ವೈಫೈ ಮಾಡಿ ಇನ್ನೊಂದಕ್ಕೆ ಕೊಟ್ಟು. ಹಾಟ್‌ಸ್ಪಾಟ್ ಆನ್ ಮಾಡಿಕೊಡುವುದಕ್ಕೆ ಅರ್ಧ ನಿಮಿಷ ಸಾಕು. ದೂರುಗಳೆಲ್ಲ ಶುರುವಾಗುವುದು ಅದಾದ ಮೇಲೆ. ಎರಡನೇ ಫೋನ್ ಇದನ್ನು ವೈಫೈ ಎಂದೇ ತಿಳಿಯುತ್ತದೆ. ವೈಫೈ ಎಂದರೆ ಅಳತೆಯಿಲ್ಲದ ಡೇಟಾ ಎಂಬ ಲೆಕ್ಕದಲ್ಲಿ ಪ್ಲೇಸ್ಟೋರ್ ಆ್ಯಪ್‌ಗಳನ್ನು ಅಪ್‌ಡೇಟ್ ಮಾಡಲು ಕೂರುತ್ತದೆ, ಫೋಟೊಗಳು ಬ್ಯಾಕಪ್‌ಗೆ ಹೊರಡುತ್ತವೆ. ವಾಟ್ಸ್‌ಆ್ಯಪ್‌ನದು ಇನ್ನೂ ಸ್ವಾರಸ್ಯ: ಸೆಟ್ಟಿಂಗ್ ಮುಟ್ಟದೆ ಬಿಟ್ಟಿದ್ದರೆ ಮೊಬೈಲ್ ಡೇಟಾದಲ್ಲಿ ಫೋಟೊ ಮಾತ್ರ ತಾನಾಗಿ ಇಳಿಯುತ್ತದೆ, ವೈಫೈನಲ್ಲಿ ವಿಡಿಯೊ ಸಮೇತ ಎಲ್ಲವೂ ಇಳಿಯುತ್ತದೆ. ನಾಲ್ಕು ಫ್ಯಾಮಿಲಿ ಗ್ರೂಪ್ ಇರುವವರ ಫೋನಾದರೆ ದಿನದ 1.5 ಜಿಬಿ ಬೆಳಗಿನ ಕಾಫಿ ಹೊತ್ತಿಗೇ ಖಾಲಿ. "ಏನೂ ನೋಡಿಲ್ಲಪ್ಪ, ಡೇಟಾ ಹೆಂಗೆ ಹೋಯ್ತು?" ಎಂದು ಕೇಳುವವರು ಸುಳ್ಳು ಹೇಳುತ್ತಿರುವುದಿಲ್ಲ.

ಮದ್ದು ಇರುವುದು ಎರಡನೇ ಫೋನಿನಲ್ಲಿ. ಹಾಟ್‌ಸ್ಪಾಟಿಗೆ ಜೋಡಿಸಿದ ಕೂಡಲೇ ವೈಫೈ ಪಟ್ಟಿಯಲ್ಲಿ ಆ ಹೆಸರಿನ ಪಕ್ಕದ ಗಿಯರ್ ಒತ್ತಿ, ನೆಟ್‌ವರ್ಕ್ ಯೂಸೇಜ್ ಅಥವಾ ಮೀಟರ್ಡ್ ಎಂದಿರುವ ಕಡೆ 'ಟ್ರೀಟ್ ಆ್ಯಸ್ ಮೀಟರ್ಡ್' ಆರಿಸಿ, ಅಂದರೆ ಇದು ಅಳತೆಯ ಡೇಟಾ ಎಂದು ಫೋನಿಗೆ ಹೇಳಿ. ಎರಡೂ ಆ್ಯಂಡ್ರಾಯ್ಡ್ ಆದರೆ ಎಷ್ಟೋ ಸಲ ಫೋನ್ ತಾನೇ ಗುರುತಿಸುತ್ತದೆ, ಆದರೆ ಅದನ್ನು ನಂಬಿ ಕೂರಬೇಡಿ, ಕೈಯಿಂದಲೇ ಹಾಕಿ. ಐಫೋನ್ ಆದರೆ ಅದೇ ಹೆಸರಿನ ಪಕ್ಕದ 'ಐ' ಗುರುತು ಒತ್ತಿ ಲೋ ಡೇಟಾ ಮೋಡ್ ಆನ್ ಮಾಡಿ. ಆಮೇಲೆ ಪ್ಲೇಸ್ಟೋರಿನ ಆಟೊ ಅಪ್‌ಡೇಟ್ ನಿಲ್ಲಿಸಿ, ವಾಟ್ಸ್‌ಆ್ಯಪ್‌ನ ಸ್ಟೋರೇಜ್ ಅಂಡ್ ಡೇಟಾದಲ್ಲಿ ವೈಫೈ ಸಾಲಿನ ಟಿಕ್‌ಗಳನ್ನೆಲ್ಲ ತೆಗೆಯಿರಿ. ಯೂಟ್ಯೂಬ್ ವಿಡಿಯೊ ಗುಣಮಟ್ಟ 360ಪಿ ಇದ್ದರೆ ಗಂಟೆಗೆ ಸುಮಾರು 300 ಎಂಬಿ ತಿನ್ನುತ್ತದೆ, 720ಕ್ಕೆ ಏರಿಸಿದರೆ 1 ಜಿಬಿ ದಾಟುತ್ತದೆ. ಪಾಠದ ವಿಡಿಯೊಗೆ 360 ಸಾಕು, ಬೋರ್ಡಿನ ಮೇಲಿನ ಅಕ್ಷರ ಕಾಣುತ್ತದೆ.

ಮೊದಲ ಫೋನಿನಲ್ಲಿ ನೋಡಬೇಕಾದ್ದು ಬ್ಯಾಂಡ್, ಅಂದರೆ ಹಾಟ್‌ಸ್ಪಾಟ್ ಯಾವ ತರಂಗದಲ್ಲಿ ನಡೆಯುತ್ತಿದೆ ಎಂಬುದು. 5 ಗಿಗಾಹರ್ಟ್ಸ್‌ನಲ್ಲಿದ್ದರೆ ಹಳೆಯ ಫೋನಿಗೆ ಹಾಟ್‌ಸ್ಪಾಟಿನ ಹೆಸರೇ ಕಾಣದೆ ಇರಬಹುದು, ಗೋಡೆ ಅಡ್ಡ ಬಂದರೂ ಸಿಗ್ನಲ್ ಬಿದ್ದುಹೋಗುತ್ತದೆ. 2.4ಕ್ಕೆ ಇಳಿಸಿ. ಐಫೋನಿನಲ್ಲಿ ಇದಕ್ಕೆ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಎಂಬ ಗುಂಡಿ ಇದೆ. ಜೋಡಣೆ ಆಗುವವರೆಗೂ ಪರ್ಸನಲ್ ಹಾಟ್‌ಸ್ಪಾಟ್ ಪರದೆಯನ್ನು ತೆರೆದೇ ಇಡಬೇಕು. ಕೆಲವು ಫೋನುಗಳಲ್ಲಿ ಹಾಟ್‌ಸ್ಪಾಟಿಗೆ ಡೇಟಾ ಮಿತಿ ಹಾಕುವ ಜಾಗ ಇರುತ್ತದೆ. 2 ಜಿಬಿ ಪ್ಲಾನಿಗೆ 800 ಎಂಬಿ ಮಿತಿ ಹಾಕಿಕೊಟ್ಟರೆ ಮನೆಯಲ್ಲಿ ಜಗಳ ಕಡಿಮೆ. ಎರಡನೇ ಫೋನಿಗೆ ಬರೀ ಮೆಸೇಜ್ ಸಾಕೆಂದರೆ ಬ್ಲೂಟೂತ್ ಟೆದರಿಂಗ್ (ವೈಫೈ ಬದಲು ಬ್ಲೂಟೂತಿನಲ್ಲಿ ಇಂಟರ್ನೆಟ್ ಹಂಚುವುದು) ಹಾಕಿಕೊಡಿ. ವೇಗ ಕಡಿಮೆ, ಬ್ಯಾಟರಿಯೂ ಕಡಿಮೆ ಇಳಿಯುತ್ತದೆ, ಫೋನ್ ಬಿಸಿಯಾಗುವುದಿಲ್ಲ. ಇದನ್ನು ಬಳಸುವವರು ಕಡಿಮೆ ಯಾಕೋ ಗೊತ್ತಿಲ್ಲ.

ದಿನದ ಡೇಟಾ ಮುಗಿದ ಮೇಲೆ ಸಾಮಾನ್ಯವಾಗಿ ವೇಗ 64 ಕೆಬಿಪಿಎಸ್‌ಗೆ ಬೀಳುತ್ತದೆ. ಸೆಕೆಂಡಿಗೆ 8 ಕೆಬಿ. 2 ಎಂಬಿಯ ಒಂದು ಫೋಟೊ ಇಳಿಯಲು ನಾಲ್ಕು ನಿಮಿಷದ ಮೇಲೆ ಬೇಕು. ಅದರಲ್ಲಿ ಇಬ್ಬರು ಪಾಲು ಕೇಳಿದರೆ ಹಣ ಕಳಿಸುವ ಆ್ಯಪ್ ಕೂಡ ಸುತ್ತುತ್ತಾ ನಿಲ್ಲುತ್ತದೆ. "ನೆಟ್‌ವರ್ಕೇ ಇಲ್ಲ" ಎಂಬ ದೂರು ಸಂಜೆ ಹೊತ್ತಿನಲ್ಲಿ ಬಂದರೆ ಮೊದಲು ಕಂಪನಿಯ ಆ್ಯಪ್ ತೆರೆದು ಉಳಿದ ಡೇಟಾ ನೋಡಿ, ಸಿಮ್ ಬಿಚ್ಚಬೇಡಿ.

ಮಾತಾಡಲೇಬೇಕು ಎಂದರೆ ಎರಡನೇ ಸಿಮ್ ಬೇಕು, ಬೇರೆ ದಾರಿಯಿಲ್ಲ. ಖರ್ಚು ಉಳಿಸುವ ಜಾಗ ಇರುವುದು ಇಲ್ಲಿ. ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ತಂದಿತು; ಈಗ 84 ದಿನದ ಇಂಥ ಪ್ಯಾಕ್‌ಗಳು ಸಿಗುತ್ತವೆ. ಒಬ್ಬರಿಗೆ ಡೇಟಾ ಪ್ಲಾನ್, ಇನ್ನೊಬ್ಬರಿಗೆ ಕರೆ ಪ್ಯಾಕ್, ಮನೆಯಲ್ಲಿರುವಾಗ ಹಾಟ್‌ಸ್ಪಾಟ್. ಇಬ್ಬರೂ ಹೆಚ್ಚು ಹೊತ್ತು ಒಂದೇ ಕಡೆ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಒಬ್ಬರು ಬೆಳಗ್ಗೆ ಬಸ್ ಹತ್ತಿ ರಾತ್ರಿ ಬರುವವರಾದರೆ ಇದನ್ನು ಮಾರಬೇಡಿ. ಕರೆ ಪ್ಯಾಕ್ ಇರುವ ಸಿಮ್ಮಿನ ಮೊಬೈಲ್ ಡೇಟಾ ಆಫ್ ಮಾಡಿಕೊಡಿ, ಮೇನ್ ಬ್ಯಾಲೆನ್ಸ್ ಇದ್ದರೆ ಕರಗದಿರಲಿ. ಎರಡನೆಯದು ಹಳೆಯ 2ಜಿ ಬಟನ್ ಸೆಟ್ ಆಗಿದ್ದರೆ ಜಿಯೋ ಸಿಮ್ ಕೊಡಬೇಡಿ, ಜಿಯೋಗೆ 2ಜಿ ಜಾಲವೇ ಇಲ್ಲ.

ಮಲೆನಾಡಿನ ಕಡೆಯ ಅಂಗಡಿಗಳಿಗೆ ಒಂದು ಉಪಾಯ. ಮನೆಯಲ್ಲಿ ಒಂದು ಕಂಪನಿಯ ಸಿಗ್ನಲ್ ಇದ್ದು ಇನ್ನೊಂದರದು ಇಲ್ಲವಾದರೆ, ಸಿಗ್ನಲ್ ಇರುವ ಫೋನಿನ ಹಾಟ್‌ಸ್ಪಾಟಿಗೆ ಇನ್ನೊಂದನ್ನು ಜೋಡಿಸಿ ಅದರಲ್ಲಿ ವೈಫೈ ಕಾಲಿಂಗ್ (ಟವರಿನ ಬದಲು ವೈಫೈ ಮೂಲಕ ಕರೆ) ಆನ್ ಮಾಡಿ. ಹ್ಯಾಂಡ್‌ಸೆಟ್ಟಿಗೂ ಸಿಮ್ಮಿಗೂ ಆ ಸೌಲಭ್ಯ ಇದ್ದರೆ ಕರೆ ಸಲೀಸಾಗಿ ಹೋಗುತ್ತದೆ, ಬರುತ್ತದೆ.

ವಾಟ್ಸ್‌ಆ್ಯಪ್ ಒಂದೇ ನಂಬರಿನಲ್ಲಿ ಎರಡು ಫೋನಿನಲ್ಲಿ ಬೇಕೆಂದರೆ ಎರಡನೆಯದರಲ್ಲಿ ನಂಬರ್ ಟೈಪ್ ಮಾಡಲೇಬೇಡಿ. ಒಟಿಪಿ ಹಾಕಿದ ಕ್ಷಣ ಮೊದಲನೆಯದು ಲಾಗ್‌ಔಟ್. ನಂಬರ್ ಕೇಳುವ ಪರದೆಯ ಮೂರು ಚುಕ್ಕೆ ಒತ್ತಿ ಕಂಪ್ಯಾನಿಯನ್ ಆಗಿ ಲಿಂಕ್ ಮಾಡುವ ಆಯ್ಕೆ ಹಿಡಿದು, ಬರುವ ಕ್ಯೂಆರ್ ಅನ್ನು ಮೊದಲ ಫೋನಿನ ಲಿಂಕ್ಡ್ ಡಿವೈಸಸ್‌ನಿಂದ ಸ್ಕ್ಯಾನ್ ಮಾಡಿ. ಇಂಥ 4 ಸಾಧನಗಳವರೆಗೆ ಅವಕಾಶ ಇದೆ. ಮೊದಲ ಫೋನನ್ನು 14 ದಿನ ಬಳಸದಿದ್ದರೆ ಉಳಿದವು ಕಳಚಿಕೊಳ್ಳುತ್ತವೆ. ಮೆಸೇಜ್ ಆ್ಯಪ್‌ಗಳು ಸಿಮ್ಮಿಗೆ ಕಟ್ಟಿಕೊಂಡಿರಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರಿನಲ್ಲಿ ನಿರ್ದೇಶನ ಹೊರಡಿಸಿದೆ, ಆದ್ದರಿಂದ ಇದು ಶಾಶ್ವತ ಎಂದು ಮಾತು ಕೊಡಬೇಡಿ. ಯುಪಿಐ ಮಾತ್ರ ಸಿಮ್ ಇರುವ ಫೋನಿನಲ್ಲೇ. ನೋಂದಣಿಯ ಎಸ್‌ಎಂಎಸ್ ಆ ಸಿಮ್ಮಿನಿಂದಲೇ ಹೋಗಬೇಕು.

ಕಾಲ್ ಫಾರ್ವರ್ಡ್, ಅಂದರೆ ಒಂದು ನಂಬರಿಗೆ ಬಂದ ಕರೆ ಇನ್ನೊಂದಕ್ಕೆ ಹೋಗುವ ಹಾಗೆ ಮಾಡಲು ಕೇಳುವವರಿಗೆ ಫೋನ್ ಆ್ಯಪ್‌ನ ಸೆಟ್ಟಿಂಗಿನಿಂದಲೇ ಮಾಡಿಕೊಡಿ. *401# ಡಯಲ್ ಮಾಡಿ ಫಾರ್ವರ್ಡ್ ಹಾಕುವ ದಾರಿಯನ್ನು ವಂಚಕರ ಕಾಟಕ್ಕೆ 2024ರ ಏಪ್ರಿಲ್ 15ರಿಂದ ನಿಲ್ಲಿಸಿದ್ದಾರೆ. ಫಾರ್ವರ್ಡ್ ಆಗುವುದು ಕರೆ ಮಾತ್ರ, ಎಸ್‌ಎಂಎಸ್ ಅಲ್ಲ. ಆದರೆ ಕರೆಯಲ್ಲಿ ಬರುವ ಒಟಿಪಿಯೂ ಅದರ ಜೊತೆ ಹೋಗುತ್ತದೆ. ರದ್ದು ಮಾಡಲು ##002# ಒತ್ತುವುದನ್ನು ಗಿರಾಕಿಗೆ ಕಲಿಸಿಯೇ ಕಳಿಸಿ.

ಹಾಟ್‌ಸ್ಪಾಟ್ ಹಾಕಿಕೊಟ್ಟಿದ್ದರೆ ಗಿರಾಕಿ ಮೆಟ್ಟಿಲಿಳಿಯುವ ಮೊದಲು ಉಳಿದ ಡೇಟಾ ಎಷ್ಟಿದೆ ನೋಡಿಕೊಂಡು, ಎರಡನೇ ಫೋನನ್ನು ಏನೂ ಮಾಡದೆ ಹತ್ತು ನಿಮಿಷ ಕೌಂಟರಿನ ಮೇಲೆ ಬಿಡಿ. ಮತ್ತೆ ನೋಡಿದಾಗ 20 ಎಂಬಿಗಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ಒಂದು ಟಿಕ್ ಉಳಿದಿದೆ.