ಪಂಜರದೊಳಗಿನ ಬಾಣಂತನ

ಕಡಲೆಕಾಯಿ ಪರಿಷೆ ಮುಗಿದ ವಾರ. ಬಸವನಗುಡಿಯ ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ನೆಲ ಕಾಲು ಕೊರೆಯುತ್ತಿತ್ತು. ಇಲಿಯಂಥ ಪುಟ್ಟ ಸಾಕುಪ್ರಾಣಿಗಳಾದ ಜರ್ಬಿಲ್ ಜೋಡಿಗೆ ಕಾಳು ಹಾಕಲು ಹೋದರೆ ಪಂಜರದೊಳಗಿನಿಂದ ಚಿಂವ್ ಚಿಂವ್ ಎಂಬ ಎಳೆಯ ದನಿ. ಕಾಗದದ ಚೂರುಗಳ ಗೂಡಿನಲ್ಲಿ ಐದು ಮರಿಗಳು! ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ. ಒಂದೊಂದೂ ಸಿಪ್ಪೆ ಬಿಡಿಸದ ಕಡಲೆಕಾಯಿಯಷ್ಟು ಉದ್ದ, ತೂಕ ಮೂರು ಗ್ರಾಂ ಇದ್ದರೆ ಹೆಚ್ಚು. ಕುಡಿದ ಹಾಲು ತೆಳುವಾದ ಚರ್ಮದೊಳಗಿನಿಂದ ಬಿಳಿಯ ಪಟ್ಟಿಯಂತೆ ಕಾಣುತ್ತಿತ್ತು.

ಗಂಡು ಜರ್ಬಿಲ್ ತನ್ನ ಮರಿಗಳನ್ನು ತಿಂದುಬಿಡುತ್ತದೆ ಎಂದು ಯಾರೋ ಹೇಳಿದ್ದರು. ಹಿಂದುಮುಂದು ನೋಡದೆ ಅದನ್ನು ಹಿಡಿದು ಬೇರೆ ಪೆಟ್ಟಿಗೆಗೆ ಬಿಟ್ಟೆ. ಅದು ಹಿಂಗಾಲುಗಳಿಂದ ಟಪಟಪನೆ ನೆಲ ಬಡಿಯತೊಡಗಿತು. ಅಪಾಯ ಕಂಡರೆ ಜರ್ಬಿಲ್‌ಗಳು ಬಳಗಕ್ಕೆ ಸುದ್ದಿ ಮುಟ್ಟಿಸುವುದೇ ಹೀಗೆ. ಇತ್ತ ತಾಯಿ ನೀರಿಗೆಂದು ಎದ್ದರೆ ಮರಿಗಳಿಗೆ ಕಾವು ಕೊಡುವವರೇ ಇಲ್ಲ. ಒಂದು ಮರಿ ಗೂಡಿನಾಚೆ ಉರುಳಿತ್ತು. ನನ್ನ ವಾಸನೆ ಅಂಟದಿರಲೆಂದು ಪಂಜರದ ಹಾಸನ್ನೇ ಅಂಗೈಗೆ ತಿಕ್ಕಿಕೊಂಡು ಎತ್ತಿದೆ. ತಣ್ಣಗಿತ್ತು. ಎದೆ ಝಲ್ಲೆಂದಿತು. ಬೊಗಸೆಯಲ್ಲಿ ಮುಚ್ಚಿ ಹಿಡಿದು ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಎಳ್ಳಿನಷ್ಟು ಸಣ್ಣ ಪಾದವೊಂದು ಬೆರಳಿಗೆ ತಾಗಿತು.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಬಾಣಂತಿ ಕೋಣೆಯನ್ನು ಗಳಿಗೆಗೊಮ್ಮೆ ತೆರೆದು ನೋಡುತ್ತಾರೇನೇ? ಮೊದಲು ಅದರ ಗಂಡನನ್ನು ಒಳಗೆ ಬಿಡು."

ಪಶುವೈದ್ಯರಿಗೆ ಫೋನ್ ಮಾಡಿದಾಗ ಅವರೂ ಅದನ್ನೇ ಹೇಳಿದರು. ಇಂಥದೇ ಇನ್ನೊಂದು ಸಾಕುಪ್ರಾಣಿ ಹ್ಯಾಮ್‌ಸ್ಟರ್‌ನಂತಲ್ಲ, ಜರ್ಬಿಲ್‌ಗಳಲ್ಲಿ ಅಪ್ಪನೂ ಮರಿ ಸಾಕುತ್ತದೆ. ಬಹಳ ದಿನ ಅಗಲಿಸಿದರೆ ಮತ್ತೆ ಸೇರಿಸುವಾಗ ಕಚ್ಚಾಡಬಹುದು. ಆದರೆ ಹೆತ್ತ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಗರ್ಭ ಕಟ್ಟಬಲ್ಲದು ಎಂದೂ ಎಚ್ಚರಿಸಿದರು.

ಗಂಡನ್ನು ಒಳಗೆ ಬಿಟ್ಟೊಡನೆ ಅದು ತಾಯಿಯ ಮೂತಿಗೆ ಮೂತಿ ತಾಗಿಸಿತು. ನೇರ ಗೂಡಿಗೆ ಹೋಗಿ ಚದುರಿದ ಮರಿಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡು ಕುಳಿತಿತು. ತಾಯಿ ಆಗ ನೆಮ್ಮದಿಯಿಂದ ಕಾಳು ತಿಂದಿತು. ಅದನ್ನು ನೋಡಿ ನನ್ನ ಕಣ್ಣು ತುಂಬಿ ಬಂದವು.

ತಿರುಗುವ ಚಕ್ರವನ್ನು ತೆಗೆದಿಟ್ಟೆ. ಎರಡು ವಾರ ಪಂಜರ ಶುಚಿ ಮಾಡಲು ಕೈ ಹಾಕಲಿಲ್ಲ. ಗಾಳಿ ಬೀಸುವ ಕಡೆಗೆ ಅಮ್ಮ ತನ್ನ ಹಳೆಯ ಹತ್ತಿ ಸೀರೆಯನ್ನು ಇಳಿಬಿಟ್ಟಳು. ವಾರದೊಳಗೆ ಮರಿಗಳ ಮೈಮೇಲೆ ನವಿರಾದ ಕೂದಲು ಮೂಡಿತು. ಹದಿನೆಂಟನೆಯ ದಿನ, ಅಂದು ತಣ್ಣಗೆ ಸಿಕ್ಕಿದ್ದ ಮರಿಯೇ ಎಲ್ಲಕ್ಕಿಂತ ಮೊದಲು ಒಂದು ಕಣ್ಣು ಬಿಟ್ಟಿತು.

ಅಷ್ಟರಲ್ಲಿ ತಾಯಿಯ ಹೊಟ್ಟೆ ಮತ್ತೆ ದುಂಡಗಾಗಿತ್ತು. ಅಮ್ಮ ಏನೂ ಹೇಳಲಿಲ್ಲ. ಬಿಳಿಯ ಕಾಗದಗಳನ್ನು ಮಡಿಲಲ್ಲಿ ಹಾಕಿಕೊಂಡು ಸಣ್ಣಗೆ ಹರಿಯುತ್ತ ಕುಳಿತಳು.