ನೆಲ ಒರೆಸುವ ಬಟ್ಟೆಯ ಪಾಠ

ಊರಿಗೆ ಹೋಗಿ ಇಳಿದ ಎರಡನೆಯ ದಿನವೇ ಅವ್ವ ಕೇಳಿದಳು: "ಅಲ್ಲ ಕಣೇ, ವಿಮಾನ ಹತ್ತಿಸಿ ಅಷ್ಟು ದೂರ ಕರೆದುಕೊಂಡು ಹೋಗಿ ಮಗುವಿಗೆ ನೆಲ ಒರೆಸುವುದನ್ನು ಕಲಿಸಿದಿರಾ?"

ಜುಲೈ ಕೊನೆಯ ವಾರ. ಶಾಂತಳ್ಳಿ ಕಡೆ ಆ ಹೊತ್ತಿಗೆ ಮಳೆ ಹೇಗಿರುತ್ತದೆ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ತೋಟ ಸುತ್ತಿ ಬಂದ ನಾಯಿ ಕೆಸರುಗಾಲಿನಲ್ಲಿ ಜಗುಲಿಯ ತುಂಬ ರಂಗೋಲಿ ಹಾಕಿತ್ತು. ಏಳು ವರ್ಷದ ನನ್ನ ಮಗಳು ಯಾರೂ ಹೇಳದೆಯೇ ಬಚ್ಚಲಿನಿಂದ ಹಳೆಯ ಬಟ್ಟೆಯೊಂದನ್ನು ತಂದಳು. ನೆನೆಸಿದಳು. ಕ್ರಿಕೆಟ್ ಬ್ಯಾಟು ಹಿಡಿದಂತೆ ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇಟ್ಟು ನೆಟ್ಟಗೆ ಹಿಡಿದು, ಹನಿ ಉಳಿಯದಂತೆ ಹಿಂಡಿದಳು. ಆಮೇಲೆ ಬಟ್ಟೆಯನ್ನು ಮಡಿಸಿ ನೆಲಕ್ಕಿಟ್ಟು, ಎರಡೂ ಅಂಗೈ ಊರಿ, ಸೊಂಟ ಮೇಲೆತ್ತಿ ಈ ಗೋಡೆಯಿಂದ ಆ ಗೋಡೆಗೆ ದಡದಡನೆ ಓಡಿದಳು. ನಾಯಿಗೆ ಇದು ಆಟವೆನಿಸಿ ಅದೂ ಹಿಂದೆಯೇ ಓಡಿತು. ಒರೆಸಿದ್ದೆಲ್ಲ ಮತ್ತೆ ಕೆಸರಾಯಿತು, ಆ ಮಾತು ಬೇರೆ.

ನಾವಿರುವುದು ಜಪಾನಿನ ಹಮಾಮಾತ್ಸುವಿನಲ್ಲಿ. ಟೋಕಿಯೊ ಮತ್ತು ಒಸಾಕಾ ನಡುವಿನ ಕಾರ್ಖಾನೆಗಳ ಊರು. ಸುತ್ತಲಿನ ಶಿಜುವೊಕಾ ಪ್ರಾಂತ್ಯ ಚಹಾಕ್ಕೆ ಹೆಸರುವಾಸಿ. ಕಾಫಿ ಸೀಮೆಯಲ್ಲಿ ಹುಟ್ಟಿದವಳನ್ನು ಹಣೆಬರಹ ಚಹಾ ಸೀಮೆಗೆ ಒಯ್ದಿದೆ. ಮಗಳು ಅಲ್ಲಿನ ಸರಕಾರಿ ಶಾಲೆಯಲ್ಲಿ ಈಗ ಎರಡನೆಯ ತರಗತಿ. ಊರಿಗೆ ಹೋದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ಜಪಾನಲ್ಲವೇ, ಒಂದನೆಯ ತರಗತಿಗೇ ಕಂಪ್ಯೂಟರ್, ರೋಬೋಟ್ ಎಲ್ಲ ಕಲಿಸುತ್ತಾರಾ? ನಾನು ಬಟ್ಟೆ ಹಿಂಡುವುದನ್ನು ಕಲಿಸುತ್ತಾರೆ ಎಂದರೆ ಯಾರೂ ನಂಬುವುದಿಲ್ಲ. ಅವ್ವ ಮಾತ್ರ ಕಣ್ಣಾರೆ ಕಂಡಳು.

ಆರು ತುಂಬಿದ ಮಕ್ಕಳು ಅಲ್ಲಿ ಏಪ್ರಿಲ್‌ನಲ್ಲಿ ಶಾಲೆಗೆ ಸೇರುತ್ತಾರೆ. ಮೊದಲ ವಾರಗಳಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ನಡೆಯುವುದು ಇಂಥವೇ: ಹೊರಗಿನ ಬೂಟು ಕಳಚಿ ಗೂಡಿನಲ್ಲಿಡುವುದು, ಒಳಗಿನ ಬಿಳಿ ಬೂಟು ಹಾಕಿಕೊಳ್ಳುವುದು, ಮೇಜಿನೊಳಗೆ ಯಾವುದನ್ನು ಎಡಕ್ಕೆ ಯಾವುದನ್ನು ಬಲಕ್ಕೆ ಇಡಬೇಕು, ಹಳದಿ ಟೋಪಿ ಹಾಕಿಕೊಂಡು ಅಕ್ಕಪಕ್ಕದ ಮನೆಯ ಮಕ್ಕಳ ಜೊತೆ ಸಾಲಿನಲ್ಲಿ ನಡೆದು ಹೋಗಿ ಬರುವುದು. ಹಳೆಯ ಟವೆಲ್ಲನ್ನು ಹೊಲಿದು ಮಾಡಿದ ಒರೆಸುವ ಬಟ್ಟೆ ಎರಡು, ಹೆಸರು ಬರೆದು ಕಳಿಸಬೇಕು. ಹೆಸರಿನ ವಿಚಾರ ಬಂದದ್ದಕ್ಕೆ ಹೇಳುತ್ತೇನೆ. ಗಣಿತಕ್ಕೆಂದು ಒಂದು ಪೆಟ್ಟಿಗೆ ಕೊಡುತ್ತಾರೆ. ಅದರಲ್ಲಿ ಬೆಂಕಿಕಡ್ಡಿಯಂಥ ಬಣ್ಣದ ಕಡ್ಡಿಗಳು, ಪುಟ್ಟ ಪುಟ್ಟ ಬಿಲ್ಲೆಗಳು, ಆಟದ ಗಡಿಯಾರ, ಲೆಕ್ಕದ ಚೀಟಿಗಳು. ಅದರಲ್ಲಿರುವ ಪ್ರತಿಯೊಂದರ ಮೇಲೂ, ಹೌದು, ಪ್ರತಿಯೊಂದು ಕಡ್ಡಿಯ ಮೇಲೂ, ಮಗುವಿನ ಹೆಸರಿನ ಚೀಟಿ ಅಂಟಿಸುವುದು ತಂದೆತಾಯಿಯ ಕೆಲಸ. ನಾನೂ ನಮ್ಮವರೂ ಎರಡು ರಾತ್ರಿ ಕೂತೆವು. ನಮ್ಮವರು ಕಾರ್ಖಾನೆಯಲ್ಲಿ ಬಿಡಿಭಾಗಗಳ ಗುಣಮಟ್ಟ ನೋಡುವವರು. ಅವರೇ, "ಇಷ್ಟು ಕಷ್ಟ ಕಾರ್ಖಾನೆಯಲ್ಲೂ ಇಲ್ಲ" ಎಂದರು.

ಒಂದನೆಯ ತರಗತಿಗೆ ವರ್ಷಕ್ಕೆ 850 ಪಾಠದ ಅವಧಿಗಳು, ಒಂದೊಂದು 45 ನಿಮಿಷ. ಅದರಲ್ಲಿ 306 ಭಾಷೆಗೆ, 136 ಗಣಿತಕ್ಕೆ, 102 ಆಟೋಟಕ್ಕೆ. ವಿಜ್ಞಾನ, ಸಮಾಜ ಎಂಬ ವಿಷಯಗಳು ಮೊದಲ ಎರಡು ವರ್ಷ ಇಲ್ಲವೇ ಇಲ್ಲ. ಅದರ ಬದಲಿಗೆ 1992ರಿಂದ 'ಸೆಯ್‌ಕತ್ಸು' ಎಂಬ ವಿಷಯವಿದೆ. ಕನ್ನಡದಲ್ಲಿ 'ಬದುಕು' ಎನ್ನಬಹುದು. ಹೋದ ವರ್ಷ ಬದುಕಿನ ಪಾಠವೆಂದರೆ ಮಗುವಿಗೊಂದು ಕುಂಡ, ಕುಂಡಕ್ಕೊಂದಿಷ್ಟು ಬೀಜ. ಬೆಳಿಗ್ಗೆ ಅರಳಿ ಬಿಸಿಲೇರಿದಂತೆ ಮುದುಡುವ ಬಳ್ಳಿಹೂವು. ಅವರು 'ಅಸಗಾವೊ', ಬೆಳಗಿನ ಮುಖ, ಎನ್ನುತ್ತಾರೆ. ದಿನವೂ ನೀರು ಹಾಕಬೇಕು. ಎಲೆ ಎಷ್ಟು ಬಂತು, ಮುಟ್ಟಿದರೆ ನುಣುಪೋ ಒರಟೋ ಎಂದು ಚಿತ್ರ ಬರೆದು ದಾಖಲಿಸಬೇಕು. ಬಾಡಿದ ಹೂಗಳನ್ನು ನೀರಿನಲ್ಲಿ ಕಿವುಚಿ ಬಣ್ಣ ತೆಗೆದು, ಮಡಿಸಿದ ಕಾಗದದ ಮೂಲೆಗಳನ್ನು ಅದರಲ್ಲಿ ಅದ್ದಿ ಬಿಡಿಸಿದರೆ ನೇರಳೆ ಚಿತ್ತಾರ. ಈ ವರ್ಷ ಅದೇ ಜಾಗದಲ್ಲಿ ಟೊಮೆಟೊ. ರಜೆಗೆ ಕುಂಡವನ್ನು ಮನೆಗೆ ಹೊತ್ತು ತರಬೇಕು. ನಾವು ಊರಿಗೆ ಹೊರಟಾಗ ಅದನ್ನು ಪಕ್ಕದ ಮನೆಯ ಅಜ್ಜಿಗೆ ಒಪ್ಪಿಸಿ ಬಂದೆವು, ಹಸು ಬಿಟ್ಟು ಹೋಗುವವರ ಹಾಗೆ.

ಪೋಷಕರು ಬಂದು ಪಾಠ ನೋಡುವ ದಿನವೆಂದು ಒಂದಿರುತ್ತದೆ. ಆವತ್ತು ನನ್ನ ಕಣ್ಣು ಅಂಟಿಕೊಂಡದ್ದು ಗೋಡೆಯ ಮೇಲಿನ ರಟ್ಟಿನ ಚಕ್ರಕ್ಕೆ. ದೊಡ್ಡ ವೃತ್ತದ ಮೇಲೆ ಚಿಕ್ಕ ವೃತ್ತ, ನಡುವೆ ಒಂದು ಪಿನ್ನು. ಹೊರಗಿನ ವೃತ್ತದಲ್ಲಿ ಕೆಲಸಗಳು: ಅನ್ನ, ಸಾರು, ಹಾಲು, ತಟ್ಟೆ. ಒಳಗಿನದರಲ್ಲಿ ಮಕ್ಕಳ ಸಂಖ್ಯೆಗಳು. ಸೋಮವಾರ ಬಂದರೆ ಚಕ್ರ ಒಂದು ಮನೆ ತಿರುಗುತ್ತದೆ, ಕೆಲಸ ಬದಲಾಗುತ್ತದೆ. ಮಧ್ಯಾಹ್ನ ಪಾಳಿಯ ಮಕ್ಕಳು ಬಿಳಿ ನಿಲುವಂಗಿ, ಟೋಪಿ, ಮಾಸ್ಕ್ ಹಾಕಿಕೊಂಡು ಇಬ್ಬಿಬ್ಬರು ಪಾತ್ರೆ ಹಿಡಿದು ತರುತ್ತಾರೆ. ಬಡಿಸುತ್ತಾರೆ. ಎಲ್ಲರಿಗೂ ಬಡಿಸಿ ಮುಗಿದ ಮೇಲೆ ಕೈಮುಗಿದು 'ಇತಾದಕಿಮಾಸು' ಎಂದು ಒಟ್ಟಿಗೆ ಹೇಳಿ ಉಣ್ಣುತ್ತಾರೆ. ಗುರುಗಳೂ ಅಲ್ಲೇ, ಅದೇ ಊಟ. ಶುಕ್ರವಾರ ಆ ನಿಲುವಂಗಿ ನಮ್ಮ ಮನೆಗೆ ಬರುತ್ತದೆ. ಒಗೆದು, ಇಸ್ತ್ರಿ ಮಾಡಿ ಸೋಮವಾರ ಕಳಿಸಬೇಕು. ಆ ವಾರ ಅದನ್ನು ತೊಡುವುದು ಬೇರೆ ಯಾರದೋ ಮಗು. ಮೊದಲ ಸಲ ಇಸ್ತ್ರಿ ಹಿಡಿದಾಗ ಇದು ಯಾರ ಮಗುವಿಗೆ ಹೋಗುತ್ತದೋ ಎಂದುಕೊಂಡೆ. ಹಾಗೆಯೇ ನನ್ನ ಹಳೆಯ ಶಾಲೆ ನೆನಪಾಯಿತು.

ನಮ್ಮ ಶಾಲೆಯಲ್ಲೂ ಮಕ್ಕಳೇ ಕೆಲಸ ಮಾಡುತ್ತಿದ್ದೆವು. "ಅದರಲ್ಲೇನು ಹೊಸತು, ನಾವೂ ಗುಡಿಸಿದ್ದೇವೆ" ಎಂದು ಅಣ್ಣ ಹೇಳಿದ್ದು ಸುಳ್ಳಲ್ಲ. ಆದರೆ ತೋಟದ ಮನೆಗಳ ಮಕ್ಕಳಾದ ನಾವು ಹೂಗಿಡಕ್ಕೆ ನೀರು ಹಾಕುತ್ತಿದ್ದೆವು, ಗಂಟೆ ಹೊಡೆಯುತ್ತಿದ್ದೆವು, ಗುರುಗಳ ಮನೆಯಿಂದ ಕಾಫಿಯ ಫ್ಲಾಸ್ಕ್ ತರುತ್ತಿದ್ದೆವು. ಕಸ ಗುಡಿಸುವುದು, ಕೊಡಪಾನದಲ್ಲಿ ನೀರು ಹೊರುವುದು ಲೈನ್ ಮನೆಯ, ಅಂದರೆ ತೋಟದ ಕೂಲಿಕಾರರ ಸಾಲುಮನೆಗಳ, ಮಕ್ಕಳ ಪಾಲು. ಹಾಗೆಂದು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ. ಬರೆದಿದ್ದರೆ ಅಳಿಸಬಹುದಿತ್ತೇನೋ. ನನಗೆ ಇದು ಆಗ ಕಣ್ಣಿಗೆ ಬಿದ್ದಿತ್ತು ಎಂದರೆ ಸುಳ್ಳಾಗುತ್ತದೆ. ಮೂವತ್ತು ವರ್ಷದ ನಂತರ ರಟ್ಟಿನ ಚಕ್ರದ ಮುಂದೆ ನಿಂತಾಗ ಕಂಡಿತು.

ಇನ್ನೊಂದು ಪಾಳಿ ಇದೆ, ದಿನದ ಪಾಳಿ. ತರಗತಿಯ ಮುಂದೆ ನಿಂತು 'ಎದ್ದು ನಿಲ್ಲಿ, ವಂದಿಸಿ' ಎನ್ನುವುದು, ಬೆಳಗಿನ ಸಭೆ ನಡೆಸುವುದು. ಮಗಳು ಸೇರಿದಾಗ ಅವಳಿಗೆ ಬರುತ್ತಿದ್ದ ಜಪಾನಿ ಮಾತು ನಾಲ್ಕೋ ಐದೋ. ಜೂನ್‌ನಲ್ಲಿ ಅವಳ ಸರದಿ ಬಂತು. ಭಾಷೆ ಬರಲಿ, ಆಮೇಲೆ ನೋಡೋಣ ಎಂದು ಯಾರೂ ಅವಳನ್ನು ದಾಟಿ ಮುಂದಿನವರಿಗೆ ಹೋಗಲಿಲ್ಲ. ಗುರುಗಳು ಹೇಳಬೇಕಾದ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿದ್ದರು. ಹಿಂದಿನ ರಾತ್ರಿ ಅವಳು ಫ್ರಿಜ್ಜಿನ ಮುಂದೆ ನಿಂತು, ಫ್ರಿಜ್ಜಿಗೇ ವಂದಿಸುತ್ತ ಹದಿನೈದು ಸಲ ಹೇಳಿಕೊಂಡಳು. ಮಾರನೆಯ ದಿನ ಬಂದವಳು ಹೇಗಾಯಿತು ಎಂದು ಹೇಳಲಿಲ್ಲ. ಬೂಟನ್ನು ಗೂಡಿನಲ್ಲಿಡದೆ ಎಸೆದು ಒಳಗೆ ಓಡಿದಳು. ಚೆನ್ನಾಗಿ ಆಗಿರಬೇಕು.

ಎಲ್ಲವೂ ಚಿನ್ನವಲ್ಲ. ಪೆನ್ಸಿಲಿನ ಮೇಲೆ ಚಿತ್ರ ಇರಬಾರದು, ಅದು 2ಬಿ ಇರಬೇಕು. ಅಕ್ಷರ ಸರಿಯಿದ್ದರೂ ಕೊನೆಯಲ್ಲಿ ಪುಟ್ಟ ಕೊಕ್ಕೆ ಎಳೆಯಲಿಲ್ಲವೆಂದು ಕೆಂಪು ಶಾಯಿ. 8ಕ್ಕೆ 7 ಕೂಡಿಸಲು ಏಳರ ಕೆಳಗೆ ಎರಡು ಚೆರ್ರಿ ಹಣ್ಣು ಬರೆದು, ಒಂದರಲ್ಲಿ 2, ಇನ್ನೊಂದರಲ್ಲಿ 5 ಎಂದು ಒಡೆದು, ಎಂಟಕ್ಕೆ ಎರಡು ಸೇರಿಸಿ ಹತ್ತು ಮಾಡಿ, ಉಳಿದ ಐದು ಸೇರಿಸಬೇಕು. ಉಪಾಯ ಚೆನ್ನಾಗಿದೆ. ಆದರೆ ಮನಸ್ಸಿನಲ್ಲೇ ಹದಿನೈದು ಎಂದು ಹೇಳಬಲ್ಲ ಮಗುವೂ ಚೆರ್ರಿ ಬರೆಯಲೇಬೇಕು. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಪುಟದಲ್ಲಿ ಇರಬೇಕೆಂಬ ಹಟ ನನಗೆ ಇನ್ನೂ ಒಗ್ಗಿಲ್ಲ.

ಇದು ನನಗೆ ಸರಿಯಾಗಿ ಹೊಳೆದದ್ದು ಈ ಸಲ ಊರಿನಲ್ಲಿ, ಅತ್ತಿಗೆಯ ಶಾಲೆ ನೋಡಿದಾಗ. ಅತ್ತಿಗೆ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿಯ, ಶಿಕ್ಷಕಿ. ಒಂದರಿಂದ ಮೂರನೆಯ ತರಗತಿಯವರೆಗೆ ಒಂದೇ ಕೋಣೆ, ಹದಿನಾಲ್ಕು ಮಕ್ಕಳು. ಜಿಲ್ಲಾಧಿಕಾರಿಗಳು ಘೋಷಿಸಿದ ಎರಡು ಮಳೆ ರಜೆಗಳ ನಡುವೆ ಶಾಲೆ ನಡೆದ ಒಂದು ದಿನ ಮಗಳನ್ನು ಕರೆದುಕೊಂಡು ಹೋದೆವು. ನಲಿಕಲಿ ಶುರುವಾದದ್ದು 1995ರಲ್ಲಿ, ನಮ್ಮ ನಾಗರಹೊಳೆ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆಯಲ್ಲಿ. ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂದು ನೋಡಿಕೊಂಡು, ಅಲ್ಲಿರುವ ಚಿತ್ರದ ಗುರುತಿನ ಕಾರ್ಡನ್ನು ಹುಡುಕಿ ತೆಗೆದುಕೊಂಡು, ತನ್ನ 'ತಟ್ಟೆ'ಗೆ, ಗುಂಪಿಗೆ ಅಲ್ಲಿ ಹಾಗೆನ್ನುತ್ತಾರೆ, ಹೋಗಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕಿ ಪೂರ್ತಿ ನೆರವಾಗುತ್ತಾರೆ, ಒಂದರಲ್ಲಿ ಸಹಪಾಠಿಗಳೇ ಹೇಳಿಕೊಡುತ್ತಾರೆ, ಒಂದರಲ್ಲಿ ಮಗು ತಾನೇ ಕಲಿಯುತ್ತದೆ. ಮಳೆ ರಜೆಯಲ್ಲಿ ವಾರ ತಪ್ಪಿದ ಮಗು ಬಂದು ತನ್ನ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಓಡಿ ಹೋಗಿ ಯಾರನ್ನೂ ಹಿಡಿಯಬೇಕಾಗಿಲ್ಲ.

ಅಕ್ಷರಗಳೂ ಅ ಆ ಇ ಈ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ ಗ ಸ ದ ಅ. ಬೇಲಿಯ ನೀರುಕಡ್ಡಿಯಿಂದ ಸ್ಲೇಟು ಒರೆಸಿ ಒರೆಸಿ ಅಆಇಈ ತಿದ್ದಿದ ನನಗೆ ಇದು ಅಪಚಾರವೆಂದೇ ಅನಿಸಿತ್ತು. "ಅದರಲ್ಲಿ ಏನು ಓದಬಹುದು ನೋಡು" ಎಂದರು ಅತ್ತಿಗೆ. ಸರ, ದರ, ಅರಸ, ಗರಗಸ. ಐದೇ ಅಕ್ಷರ ಬಂದ ಮಗು ಗರಗಸ ಓದುತ್ತದೆ! ಹಮಾಮಾತ್ಸುವಿನಲ್ಲೂ ಹೀಗೇ ಇತ್ತು ಎಂದು ಆಗ ನೆನಪಾಯಿತು. ಜಪಾನಿ ಮಕ್ಕಳು ಮೊದಲು ಕಲಿಯುವ ಹಿರಗಾನಾ ಲಿಪಿಯ 46 ಅಕ್ಷರಗಳಿಗೆ ಅವರದೇ ಸಾಲಿದೆ, ಆದರೆ ಮಗಳ ತರಗತಿಯಲ್ಲಿ ಒಂದೇ ಎಳೆತದಲ್ಲಿ ಬರೆಯಬಹುದಾದ ಕು, ಶಿ, ತ್ಸು ಮೊದಲು ಬಂದವು.

ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ತಪ್ಪು ನಮ್ಮದೇ. ಅವಳನ್ನು ಅತ್ತಿಗೆ ಕೂರಿಸಿದ್ದು ಸಹಪಾಠಿಗಳ ತಟ್ಟೆಯಲ್ಲಿ, ಒಬ್ಬ ಹುಡುಗನ ಪಕ್ಕ. ಅವನ ತಂದೆತಾಯಿ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು. ಹೋದ ವರ್ಷ ಸೇರಿದಾಗ 'ನೀರು' ಎಂಬ ಒಂದು ಮಾತು ಬರುತ್ತಿತ್ತಂತೆ. ಅವನು ಕಾರ್ಡು ತೆಗೆದು, ಗೋಡೆಯ ಕೆಳಗಿನ ಕಪ್ಪುಪಟ್ಟಿಯಲ್ಲಿ ತನಗೆ ಮೀಸಲಾದ ಚೌಕಕ್ಕೆ ಅವಳನ್ನು ಕರೆದುಕೊಂಡು ಹೋಗಿ, ಸುಣ್ಣದ ಕಡ್ಡಿಯಲ್ಲಿ ದೊಡ್ಡದಾಗಿ ರ ಬರೆದ. "ಇದು ರ. ನೀನು ಬರೆ" ಎಂದ. ಅವಳು ಎಳೆತವನ್ನು ತಪ್ಪು ಕಡೆಯಿಂದ ಶುರು ಮಾಡಿದಳು. ಅವನು ತನ್ನ ಅಂಗೈಯಿಂದ ಅಳಿಸಿ, "ಹಾಗಲ್ಲ, ಹೀಗೆ" ಎಂದ. ಮೂರು ಸಲ ಅಳಿಸಿದ. ಅತ್ತಿಗೆ ನನ್ನ ಕಡೆ ನೋಡಿದರು, ನಾನು ಹೊರಗಿನ ಮಳೆಯ ಕಡೆ ನೋಡಿದೆ.

ಬಿಸಿಯೂಟದ ನಂತರ ಮಗಳು ಅಭ್ಯಾಸಬಲದಿಂದ ಪೊರಕೆ ಹುಡುಕಿದಳು. ಅತ್ತಿಗೆ ಗಾಬರಿಯಿಂದ ಕಿತ್ತುಕೊಂಡರು. "ಮಗುವಿನ ಕೈಯಲ್ಲಿ ಪೊರಕೆ ಕಂಡರೆ ಯಾರಾದರೂ ಫೋಟೊ ತೆಗೆದು ಹಾಕುತ್ತಾರೆ, ನಾನು ಉತ್ತರ ಕೊಡಬೇಕಾಗುತ್ತದೆ" ಎಂದರು. ನಾನು ಚಕ್ರದ ಕತೆ ಹೇಳಿದೆ. ಅವರು ಪೂರ್ತಿ ಕೇಳಿ, "ಚಕ್ರ ಮಾಡುವುದು ಸುಲಭ. ಮೊದಲ ವಾರ ಯಾರ ಹೆಸರು ಪೊರಕೆಯ ಎದುರು ಬಂದರೆ ಯಾರ ಅಪ್ಪ ಜಗಳಕ್ಕೆ ಬರುತ್ತಾರೆಂದು ನಿನಗೂ ಗೊತ್ತು" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮಾತು ತಿರುಗಿಸಲು ಭೂಕಂಪದ ಅಭ್ಯಾಸದ ಬಗ್ಗೆ ಹೇಳಿದೆ: ಕೂರುವ ದಿಂಬನ್ನೇ ತಲೆಗೆ ಟೋಪಿಯಂತೆ ಹಾಕಿಕೊಂಡು, ತಳ್ಳಬೇಡ, ಓಡಬೇಡ, ಮಾತಾಡಬೇಡ, ಹಿಂದಿರುಗಬೇಡ ಎಂಬ ನಾಲ್ಕು ನಿಯಮ ಹೇಳಿಕೊಳ್ಳುತ್ತ ಮಕ್ಕಳು ಅಂಗಳಕ್ಕೆ ಬರುತ್ತಾರೆ ಎಂದೆ. ಇದನ್ನು ಮಾತ್ರ ಅತ್ತಿಗೆ ಬರೆದುಕೊಂಡರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದದ್ದನ್ನು ಕಂಡ ಜಿಲ್ಲೆಯ ಶಿಕ್ಷಕಿ ಅವರು.

ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದುಸೊಪ್ಪೆಂಬ ಕಾಡುಗಿಡದ ರಸದಲ್ಲಿ ಪಾಯಸ ಮಾಡುವ ದಿನ. ಅವ್ವ ಹಿಂದಿನ ರಾತ್ರಿಯೇ ಮದ್ದುಸೊಪ್ಪು ಕುದಿಸಿಟ್ಟಿದ್ದಳು. ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದಾಗ ನೇರಳೆ ಹಣ್ಣಿನ ಬಣ್ಣದ ನೀರು. ಮಗಳು ಕುಣಿದಳು: "ಅಸಗಾವೊ ನೀರು!" ಅಜ್ಜಿ ಪಾಯಸಕ್ಕೆ ಇಟ್ಟುಕೊಂಡು ಉಳಿದದ್ದನ್ನು ಬಾಟಲಿಯಲ್ಲಿ ತುಂಬಿಸಿ ಕೊಟ್ಟಳು. ಅದು ಅತ್ತಿಗೆಯ ಶಾಲೆಗೆ ಹೋಯಿತು. ಕೈ ಒರೆಸುವ ತೆಳು ಕಾಗದವನ್ನು ಮಡಿಸಿ ಮೂಲೆ ಅದ್ದುವುದನ್ನು ಈ ಸಲ ಅವಳು ಆ ಹುಡುಗನಿಗೆ ಹೇಳಿಕೊಟ್ಟಳು. ಹದಿನಾಲ್ಕು ಮಕ್ಕಳ ಹದಿನಾಲ್ಕು ಚಿತ್ತಾರಗಳು ಕೋಣೆಯ ಮೇಲೆ ಕಟ್ಟಿದ ನಲಿಕಲಿ ಚಪ್ಪರದ ದಾರಕ್ಕೆ ಏರಿದವು. ಆ ಮಳೆಯಲ್ಲಿ ಅವು ಮೂರು ದಿನವಾದರೂ ಒಣಗಲಿಲ್ಲವೆಂದು ಅತ್ತಿಗೆ ಆಮೇಲೆ ಹೇಳಿದರು.

ರಜೆಗೆಂದು ಶಾಲೆ ಕೊಟ್ಟಿದ್ದ ಕೆಲಸಗಳಲ್ಲಿ ಚಿತ್ರದ ದಿನಚರಿಯೂ ಒಂದು. ಮೇಲೆ ಚಿತ್ರ, ಕೆಳಗೆ ನಾಲ್ಕು ಸಾಲು. ನಾಯಿ, ಜಗುಲಿ, ಗರಗಸ ಯಾವುದನ್ನಾದರೂ ಬರೆಯಬಹುದಿತ್ತು. ಅವಳು ಆರಿಸಿಕೊಂಡದ್ದು ಪಾಯಸ ತಿಂದ ಮರುದಿನವನ್ನು. ಮದ್ದುಸೊಪ್ಪು ತಿಂದವರಿಗೆ ಗೊತ್ತಿರುವ ವಿಚಾರವೇ. 'ಅಜ್ಜಿ ಮಾಡಿದ ಎಲೆಯ ಪಾಯಸ ತಿಂದೆ. ನನ್ನ ಉಚ್ಚೆ ಕೆಂಪಾಯಿತು. ಮನೆಯಲ್ಲಿ ಎಲ್ಲರದೂ ಕೆಂಪಾಯಿತು. ಎಲ್ಲರೂ ನಕ್ಕರು' ಎಂದು ಅಚ್ಚುಕಟ್ಟಾದ ಹಿರಗಾನಾದಲ್ಲಿ, ಕೊಕ್ಕೆಗಳನ್ನೂ ಮರೆಯದೆ ಬರೆದಿದ್ದಳು. ಚಿತ್ರವನ್ನು ವಿವರಿಸುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ದಿನಚರಿ ತಿರುಗಿ ಬಂತು. ಪುಟದ ಮೇಲೆ ಕೆಂಪು ಶಾಯಿಯ ದೊಡ್ಡ ಹೂವು, ಅಲ್ಲಿನ ಗುರುಗಳು ಮೆಚ್ಚಿದ್ದಕ್ಕೆ ಹಾಕುವ ಸುರುಳಿ ಎಸಳಿನ ಗುರುತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಪ್ರಶ್ನೆ: 'ನೋವಾಗಲಿಲ್ಲ ತಾನೇ?' ಮಗಳು ಉತ್ತರ ಬರೆಯಲು ಕೂತಿದ್ದಾಳೆ. ಎಲೆಯ ಹೆಸರನ್ನು ಕನ್ನಡದಲ್ಲೇ ಬರೆಯಬೇಕಂತೆ, 'ಮದ್ದು'ವಿನ ದ್ದ ಹೇಗೆ ಎಂದು ಕೇಳುತ್ತಿದ್ದಾಳೆ.